ಓಲೆಯ ಕಟ್ಟಿನಿಂದ ಅಂತರಜಾಲಕ್ಕೆ: ವಚನಪಾಠದ ಒಂದು ವಿಮರ್ಶೆ

ವಚನವು ಮೊದಲು ಆಡಿದ ಮಾತು. ಆಮೇಲೆ ಬರೆದ ಓಲೆ. ಆಡಿದ ಶರಣರು ಕಲ್ಯಾಣದಿಂದ ದಿಕ್ಕುದಿಕ್ಕಿಗೆ ಚದುರಿದ ಮೇಲೆ ಅವರ ಮಾತು ಉಳಿದುದು ಬರೆದಿಟ್ಟವರ ಪುಣ್ಯದಿಂದ. ಓಲೆಯಿಂದ ಅದು ಅಚ್ಚಿಗೆ ಬಂದಿತು. ಅಚ್ಚಿನಿಂದ ಈಗ ಅಂತರಜಾಲಕ್ಕೆ ಬಂದಿದೆ. ಪಾತ್ರೆ ಬದಲಾದಾಗಲೆಲ್ಲ ಒಳಗಿನ ಪದಾರ್ಥಕ್ಕೆ ಏನಾಯಿತೆಂದು ವಿಚಾರಿಸುವುದು ವಿಮರ್ಶೆಯ ಕರ್ತವ್ಯಗಳಲ್ಲಿ ಒಂದು. ಪಿರಿಯಾಪಟ್ಟಣದ ಸೀಮೆಯ ಯಾವುದೇ ಹಳ್ಳಿಯ ವಿದ್ಯಾರ್ಥಿಗೆ ಇಂದು ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಅಂಗೈಯೊಳಗಿನ ಫೋನಿನಲ್ಲಿ ದೊರೆಯುತ್ತವೆ. ಅವನ ಅಜ್ಜನ ಕಾಲದಲ್ಲಿ ಅದೇ ಹಳ್ಳಿಯಲ್ಲಿ ಅಚ್ಚಾದ ವಚನದ ಪುಸ್ತಕ ಒಂದಿದ್ದರೆ ಅದೇ ದೊಡ್ಡದು. ದೊರೆಯುವುದು ಸುಲಭವಾಯಿತು, ಸಂತೋಷದ ಮಾತು. ಆದರೆ ದೊರೆತದ್ದು ಯಾರ ಮಾತು, ಯಾವ ಪ್ರತಿಯ ಪಾಠ, ಅದನ್ನು ನಂಬಬಹುದೆ ಎಂಬುದನ್ನು ತಿಳಿಯುವುದು ಅಷ್ಟೇ ಸುಲಭವಾಗಿದೆಯೆ? ವಚನದ ಭಕ್ತರೂ ಸಾಹಿತ್ಯದ ವಿದ್ಯಾರ್ಥಿಗಳೂ ಸಮಾನವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

೧

ಓಲೆಯ ಕಾಲವನ್ನು ಕೊಂಡಾಡುವುದು ಈಗ ಒಂದು ರೂಢಿಯಾಗಿದೆ. ಆ ಕಾಲದಲ್ಲಿ ಕೊಂಡಾಡಬೇಕಾದುದೂ ಇದೆ, ಮರೆಯಬಾರದ ಕೊರತೆಯೂ ಇದೆ.

ಕೊಂಡಾಡಬೇಕಾದುದು ಓಲೆಯ ಕಟ್ಟಿನ ಶಿಸ್ತು. ಹದಮಾಡಿದ ತಾಳೆಗರಿಯ ಮೇಲೆ ಕಂಠದಿಂದ ಕೊರೆದು, ಕಾಡಿಗೆ ತೊಡೆದು, ಗರಿಗೆ ರಂಧ್ರ ಮಾಡಿ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಯಿಟ್ಟು ಬಿಗಿಯುತ್ತಿದ್ದರು. ಎಲೆಯ ಅಂಚಿನಲ್ಲಿ ಅದರ ಅಂಕಿ ಇರುತ್ತಿತ್ತು. ದಾರ ಹರಿದು ಎಲೆಗಳು ಚೆಲ್ಲಿದರೂ ಅಂಕಿಯನ್ನು ನೋಡಿ ಮತ್ತೆ ಜೋಡಿಸಬಹುದಾಗಿತ್ತು. ಗ್ರಂಥದ ಕೊನೆಯಲ್ಲಿ ಲಿಪಿಕಾರನು ಯಾವ ಸಂವತ್ಸರದ ಯಾವ ಮಾಸದಲ್ಲಿ, ಯಾರ ಅಪ್ಪಣೆಯಂತೆ ಬರೆದು ಮುಗಿಸಿದೆನೆಂದು ಹೇಳಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುವುದುಂಟು. ಇಂಥ ನಾಲ್ಕು ಸಾಲು ಇಲ್ಲದಿದ್ದರೆ ಎಷ್ಟೋ ಕೃತಿಗಳ ಕಾಲನಿರ್ಣಯ ಸಾಧ್ಯವಾಗುತ್ತಿರಲಿಲ್ಲ. ಇದಲ್ಲದೆ ವಚನಗಳನ್ನು ಬಹುಮಟ್ಟಿಗೆ ಸ್ಥಲಗಳಿಗೆ ಅಳವಡಿಸಿ ಬರೆದಿಡುತ್ತಿದ್ದರು. ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಮೆಟ್ಟಿಲುಗಳಲ್ಲಿ ವಚನವು ಎಲ್ಲಿ ನಿಂತಿದೆಯೆಂಬುದೇ ಅದರ ಅರ್ಥಕ್ಕೆ ಅರ್ಧ ವ್ಯಾಖ್ಯಾನವಾಗುತ್ತಿತ್ತು.

ಮರೆಯಬಾರದ ಕೊರತೆಯೆಂದರೆ ಆ ಕಟ್ಟು ಎಲ್ಲರ ಕೈಗೂ ಬರುತ್ತಿರಲಿಲ್ಲ. ಚೆಂಗಾಳ್ವ ಅರಸರು ಆಳಿದ ಪಿರಿಯಾಪಟ್ಟಣ, ಬೆಟ್ಟದಪುರಗಳ ಸೀಮೆ ಜೈನ ವೀರಶೈವ ಪರಂಪರೆಗಳೆರಡಕ್ಕೂ ಆಶ್ರಯವಿತ್ತ ನಾಡು. ಇಂಥ ನಾಡಿನಲ್ಲಿಯೂ ಗ್ರಂಥವೆಂಬುದು ಮಠದ ಪೆಟ್ಟಿಗೆಯಲ್ಲಿಯೋ ಅನುಕೂಲಸ್ಥ ಭಕ್ತರ ಮನೆಯ ದೇವರ ಜಗಲಿಯ ಮೇಲೋ ಇರುತ್ತಿದ್ದ ವಸ್ತು. ಓದಬೇಕೆಂಬವನಿಗೆ ಅಕ್ಷರ ಬರಬೇಕು, ಗುರುವಿನ ಅನುಗ್ರಹವಿರಬೇಕು, ಪೆಟ್ಟಿಗೆಯ ಒಡೆಯನ ಸಮ್ಮತಿಯಿರಬೇಕು. ಹೆಣ್ಣುಮಕ್ಕಳಿಗೂ ದುಡಿಯುವ ಜನರಿಗೂ ಈ ಮೂರೂ ಕೂಡಿಬರುವುದು ವಿರಳವಾಗಿತ್ತು. ಶರಣರು ಯಾರಿಗಾಗಿ ಕನ್ನಡದಲ್ಲಿ ನುಡಿದರೋ ಅವರಿಗೇ ಆ ನುಡಿ ಬರಹದ ರೂಪದಲ್ಲಿ ದೂರವಾಗಿ ಉಳಿಯಿತು. ಜಂಗಮರ ಬಾಯಿಂದ, ಶ್ರಾವಣಮಾಸದ ಪುರಾಣ ಪ್ರವಚನಗಳಿಂದ, ಭಜನೆಯ ಮೇಳಗಳಿಂದ ಕಿವಿಗೆ ಬಿದ್ದಷ್ಟೇ ಅವರ ಪಾಲು. ಅದು ಅಲ್ಪವಲ್ಲ, ಆದರೆ ಕೇಳಿದವನು ತನಗೆ ಸಂದೇಹ ಬಂದಾಗ ಮೂಲವನ್ನು ತೆರೆದು ನೋಡುವಂತಿರಲಿಲ್ಲ. ಹೇಳಿದವರ ಮಾತೇ ಪ್ರಮಾಣವಾಗಿತ್ತು. ಗ್ರಂಥದ ಅಭಾವವನ್ನು ಭಕ್ತಿಯ ಲಕ್ಷಣವೆಂದು ಬಣ್ಣಿಸುವವರು ಇದನ್ನು ನೆನೆಯಬೇಕು.

೨

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿಯೇ ಕೆಲವು ವಚನಕೃತಿಗಳು ಅಚ್ಚಾಗಿದ್ದವು. ಆದರೂ ಪೆಟ್ಟಿಗೆಯ ಮುಚ್ಚಳವನ್ನು ನಿಜವಾಗಿ ತೆರೆದವರು ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (೧೮೮೦–೧೯೬೪). ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ೧೯೨೩ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ವಚನಗಳನ್ನು ಮುದ್ರಿಸುವುದಕ್ಕಾಗಿಯೇ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಲು ಅವರು ಇದ್ದ ಮನೆಯನ್ನು ಮಾರಿದರೆಂಬುದು ಸುವಿದಿತ. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಟಿತು. ಮುಂದೆ ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ, ಎಲ್. ಬಸವರಾಜು ಮೊದಲಾದ ವಿದ್ವಾಂಸರು ಹಲವು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಗಳನ್ನು ಹೋಲಿಸಿ ಪರಿಷ್ಕರಿಸಿದರು. ಅಚ್ಚಿನ ದೊಡ್ಡ ಉಪಕಾರ ಪ್ರತಿಗಳ ಹೆಚ್ಚಳವೊಂದೇ ಆಗಿರಲಿಲ್ಲ. ಯಾವ ಪ್ರತಿಯಲ್ಲಿ ಯಾವ ಪಾಠವಿದೆ, ಸಂಪಾದಕನು ಯಾವುದನ್ನು ಏಕೆ ಆರಿಸಿದನು ಎಂಬುದನ್ನು ಪುಟದ ಅಡಿಯಲ್ಲಿ ಓದುಗನಿಗೆ ತೋರಿಸುವ ಪದ್ಧತಿ ಆಗ ಬೆಳೆಯಿತು. ಹೇಳಿದವರ ಮಾತನ್ನು ಪರೀಕ್ಷಿಸುವ ಅಧಿಕಾರ ಮೊದಲ ಬಾರಿಗೆ ಓದುವವನಿಗೆ ಬಂದಿತು.

ಆದರೂ ಅಚ್ಚಾದ ಪುಸ್ತಕ ಹಳ್ಳಿಗೆ ಬಂದುದು ನಿಧಾನವಾಗಿ. ಪಿರಿಯಾಪಟ್ಟಣದ ವಿದ್ಯಾರ್ಥಿಯೊಬ್ಬನು ಪರಿಷ್ಕೃತ ಆವೃತ್ತಿಯನ್ನು ನೋಡಬೇಕಾದರೆ ಹುಣಸೂರಿನ ಮೇಲೆ ಹಾದು ಮೈಸೂರಿಗೆ ಹೋಗಬೇಕಾಗಿತ್ತು. ೧೮೯೧ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ, ೧೯೬೬ರಲ್ಲಿ ಮಾನಸಗಂಗೋತ್ರಿಯಲ್ಲಿ ಸ್ಥಾಪಿತವಾದ ಕನ್ನಡ ಅಧ್ಯಯನ ಸಂಸ್ಥೆ ಇವು ಈ ಸೀಮೆಗೆ ಅತಿ ಸಮೀಪದ ಭಂಡಾರಗಳು. ಸಮೀಪವೆಂದರೂ ಹೋಗಿಬರಲು ಒಂದು ದಿನ, ಬಸ್ಸಿನ ದುಡ್ಡು, ಗ್ರಂಥಪಾಲರಿಗೆ ತೋರಿಸಲು ಒಂದು ಪರಿಚಯ ಪತ್ರ, ಇಷ್ಟೂ ಬೇಕು. ಒಂದು ಸಂದೇಹಕ್ಕೆ ಒಂದು ದಿನದ ಕೂಲಿ ತೆರಬೇಕಾದಲ್ಲಿ ಬಡವನು ಸಂದೇಹವನ್ನೇ ಬಿಟ್ಟುಬಿಡುತ್ತಾನೆ.

ಈ ಅಂತರವನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿದುದು ೧೯೯೩ರಲ್ಲಿ ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟ. ಬಸವಣ್ಣನವರಿಂದ ಮೊದಲ್ಗೊಂಡು ಒಂದೇ ಒಂದು ವಚನ ಉಳಿದಿರುವ ಶರಣರವರೆಗೆ ಎಲ್ಲರಿಗೂ ಅಲ್ಲಿ ಸ್ಥಾನ ದೊರೆಯಿತು. ಐದನೆಯ ಸಂಪುಟ ಶಿವಶರಣೆಯರಿಗೇ ಮೀಸಲಾಯಿತು. ಹದಿನೈದನೆಯದು ಪರಿಭಾಷಾ ಕೋಶ. ಪ್ರತಿ ವಚನಕ್ಕೂ ಸಂಪುಟದ ಮತ್ತು ವಚನದ ಸಂಖ್ಯೆ ದೊರೆತುದು ಇದರಿಂದಾದ ಇನ್ನೊಂದು ಪ್ರಯೋಜನ. ಓಲೆಯ ಅಂಚಿನ ಅಂಕಿ ಮಾಡುತ್ತಿದ್ದ ಕೆಲಸವನ್ನು ಈ ಸಂಖ್ಯೆ ಮಾಡತೊಡಗಿತು. ಜನಪ್ರಿಯ ಆವೃತ್ತಿಯೆಂದೇ ರೂಪಿಸಿದುದರಿಂದ ಪಾಠಾಂತರಗಳ ವಿಸ್ತಾರಕ್ಕೆ ಅಲ್ಲಿ ಎಡೆಯಾಗಲಿಲ್ಲ. ಇದನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

೩

ಭಾರತದಲ್ಲಿ ೧೯೯೫ರ ಆಗಸ್ಟ್ ೧೫ರಂದು ಅಂತರಜಾಲ ಸಾರ್ವಜನಿಕರಿಗೆ ತೆರೆದುಕೊಂಡಿತು. ಕನ್ನಡ ಗ್ರಂಥಗಳಿಗೆ ಅದರ ಫಲ ಕೂಡಲೇ ದೊರೆಯಲಿಲ್ಲ. ಗಣಕದಲ್ಲಿ ಕನ್ನಡ ಬರೆಯಲು ಬರಹ, ನುಡಿ ಮೊದಲಾದ ತಂತ್ರಾಂಶಗಳು ಬಂದರೂ ಅಕ್ಷರಗಳಿಗೆ ಒಂದೊಂದು ತಂತ್ರಾಂಶವೂ ತನ್ನದೇ ಸಂಕೇತವನ್ನು ಬಳಸುತ್ತಿದ್ದುದರಿಂದ ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಎಲ್ಲ ಭಾಷೆಗಳಿಗೂ ಸಮಾನವಾದ ಯೂನಿಕೋಡ್ ಸಂಕೇತ ಬಳಕೆಗೆ ಬಂದಮೇಲೆಯೇ ಕನ್ನಡದಲ್ಲಿ ಒಂದು ಪದವನ್ನು ಕೊಟ್ಟು ಹುಡುಕುವುದು ಸಾಧ್ಯವಾಯಿತು. ೨೦೧೦ರ ದಶಕದಲ್ಲಿ ತಂತ್ರಜ್ಞರೂ ಸಾಹಿತಿಗಳೂ ಕೂಡಿ ಸಿದ್ಧಗೊಳಿಸಿದ ‘ವಚನ ಸಂಚಯ’, ಸಿರಿಗೆರೆಯ ತರಳಬಾಳು ಮಠದ ಆಶ್ರಯದಲ್ಲಿ ರೂಪುಗೊಂಡ ‘ಶಿವಶರಣರ ವಚನ ಸಂಪುಟ’ ಎಂಬ ತಂತ್ರಾಂಶ, ಇವು ಈ ಮಾರ್ಗದ ಗಣ್ಯ ಸಾಧನೆಗಳು. ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಹಳೆಯ ಮುದ್ರಣದ ಅನೇಕ ಕನ್ನಡ ಪುಸ್ತಕಗಳ ಪುಟಪುಟದ ಚಿತ್ರವೂ ದೊರೆಯುತ್ತದೆ.

ಇವುಗಳಿಂದ ವಚನ ವಿಮರ್ಶೆಗೆ ಆಗಿರುವ ಲಾಭವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹೆಣ್ಣು ಗಂಡೆಂಬ ಭೇದವನ್ನು ಕುರಿತ ಜೇಡರ ದಾಸಿಮಯ್ಯನ ವಚನ ಪಠ್ಯಪುಸ್ತಕಗಳ ಮೂಲಕ ಎಲ್ಲರಿಗೂ ಪರಿಚಿತ. ದೇಹದ ಚಿಹ್ನೆಗಳನ್ನು ಕಂಡು ಲೋಕವು ಹೆಣ್ಣೆಂದೂ ಗಂಡೆಂದೂ ಹೆಸರಿಡುತ್ತದೆ. ಒಳಗಿನ ಆತ್ಮ ಎರಡೂ ಅಲ್ಲ ಎಂಬುದು ಅದರ ತಾತ್ಪರ್ಯ. ಆ ವಚನದ ಒಂದು ಪದವನ್ನು ಹುಡುಕಲು ಕೊಟ್ಟರೆ ದಾಸಿಮಯ್ಯನ ಪಕ್ಕದಲ್ಲಿಯೇ ಇನ್ನಿಬ್ಬರು ಬಂದು ನಿಲ್ಲುತ್ತಾರೆ. ಒಬ್ಬಳು ಗೊಗ್ಗವ್ವೆ. ಅವಳು ಅದೇ ಚಿಹ್ನೆಗಳಿಂದ ತೊಡಗುತ್ತಾಳೆ. ಆದರೆ ಆತ್ಮವೆನ್ನದೆ ಜ್ಞಾನವೆನ್ನುತ್ತಾಳೆ. ತೀರ್ಪನ್ನೂ ಹೇಳುವುದಿಲ್ಲ, ಆ ಜ್ಞಾನ ಹೆಣ್ಣೊ ಗಂಡೊ ಎಂದು ತನ್ನ ನಾಸ್ತಿನಾಥನನ್ನೇ ಪ್ರಶ್ನಿಸಿ ಸುಮ್ಮನಾಗುತ್ತಾಳೆ. ಇನ್ನೊಬ್ಬಳು ಶಂಭುಜಕ್ಕೇಶ್ವರನ ಅಂಕಿತದ ಸತ್ಯಕ್ಕ. ಅವಳಿಗೆ ಆ ಚಿಹ್ನೆಗಳು ಪ್ರಮಾಣವೇ ಅಲ್ಲ. ಪ್ರಮಾಣವೆಂಬ ಶಾಸ್ತ್ರಕಾರರ ಮಾತನ್ನು ಎತ್ತಿಕೊಂಡು ಅದನ್ನು ಲೋಕದ ರೂಢಿಗೆ ಎದುರಾಗಿ ಹಿಡಿಯುತ್ತಾಳೆ. ಹಣ್ಣಿನ ಸವಿ, ಹೂವಿನ ಕಂಪು ಇವುಗಳ ದೃಷ್ಟಾಂತದಿಂದ ಗುಣವೇ ಮುಖ್ಯವೆಂದು ಸ್ಥಾಪಿಸುತ್ತಾಳೆ.

ಮೂರನ್ನೂ ಒಟ್ಟಿಗೆ ಓದಿದಾಗ ದಾಸಿಮಯ್ಯನ ವಚನವೂ ಹೊಸದಾಗಿ ಕಾಣುತ್ತದೆ. ಅವನಲ್ಲಿ ಸಿದ್ಧಾಂತವಾಗಿರುವುದು ಗೊಗ್ಗವ್ವೆಯಲ್ಲಿ ಪ್ರಶ್ನೆಯಾಗುತ್ತದೆ, ಸತ್ಯಕ್ಕನಲ್ಲಿ ವಾದವಾಗುತ್ತದೆ. ಚಿಹ್ನೆಯ ಭಾರವನ್ನು ದಿನನಿತ್ಯ ಹೊತ್ತವರು ಅದೇ ಮಾತನ್ನು ಎತ್ತಿಕೊಂಡಾಗ ಅದರ ಧ್ವನಿ ಹೇಗೆ ಬದಲಾಗುತ್ತದೆಂಬುದನ್ನು ಇಲ್ಲಿ ಮನಗಾಣಬಹುದು. ಅಚ್ಚಿನ ಸಂಪುಟಗಳಲ್ಲಿ ದಾಸಿಮಯ್ಯನು ಸಂಕೀರ್ಣ ವಚನಕಾರರ ನಡುವೆಯೂ, ಇವರಿಬ್ಬರು ಶರಣೆಯರ ಸಂಪುಟದಲ್ಲಿಯೂ ಬೇರೆಬೇರೆಯಾಗಿದ್ದಾರೆ. ಈ ಸಾಮ್ಯ ವಿದ್ವಾಂಸರಿಗೆ ತಿಳಿಯದುದೇನೂ ಅಲ್ಲ. ಆದರೆ ಹಲವು ವರ್ಷಗಳ ಓದಿನಿಂದ ವಿದ್ವಾಂಸನ ನೆನಪಿನಲ್ಲಿ ಮಾತ್ರ ನಡೆಯುತ್ತಿದ್ದ ಈ ಸಮಾಗಮ ಈಗ ಹದಿನೆಂಟರ ವಿದ್ಯಾರ್ಥಿನಿಯೊಬ್ಬಳಿಗೆ ಒಂದು ಗಳಿಗೆಯಲ್ಲಿ ಲಭಿಸುತ್ತದೆ.

ಇನ್ನೊಂದು ಲಾಭ ಹೆಸರಿಗೆ ಸಂಬಂಧಿಸಿದುದು. ಕಾಯಕವನ್ನೇ ಕೈಲಾಸವೆಂದು ಬಗೆಯುವ ಪ್ರಸಿದ್ಧ ನುಡಿಯನ್ನು ಬಸವಣ್ಣನವರ ಹೆಸರಿನಲ್ಲಿ ಗೋಡೆಗಳ ಮೇಲೂ ಭಾಷಣಗಳಲ್ಲೂ ಕಾಣುತ್ತೇವೆ. ಆ ನುಡಿ ಇರುವುದು ಅಮರೇಶ್ವರಲಿಂಗದ ಅಂಕಿತವುಳ್ಳ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಹುಡುಕಿ ನೋಡಿದ ಯಾರಿಗಾದರೂ ಇದು ತಿಳಿಯುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಬಡ ಶರಣನಿಗೆ ಅವನ ಮಾತು ಮರಳಿ ದೊರೆಯುವುದು ಸಣ್ಣ ನ್ಯಾಯವಲ್ಲ. ಬಸವಣ್ಣನವರ ಹಿರಿಮೆಗೆ ಇದರಿಂದ ಕುಂದೂ ಇಲ್ಲ. ಅಂಥ ಮಾತನ್ನು ಒಬ್ಬ ಕಾಯಕಜೀವಿಯ ಬಾಯಲ್ಲಿ ಆಡಿಸಿದ ಚಳವಳಿ ಅವರದು. ಹೆಸರಾಂತವರ ನೆರಳಿನಲ್ಲಿ ಮರೆಯಾಗಿದ್ದ ಅಲ್ಪಸಂಖ್ಯೆಯ ವಚನಗಳ ಶರಣರನ್ನು ಸಾಲಿನಲ್ಲಿ ಸಮನಾಗಿ ನಿಲ್ಲಿಸಿದುದು ಅಂತರಜಾಲದ ಹುಡುಕಾಟದಿಂದಾದ ದೊಡ್ಡ ಉಪಕಾರವೆನ್ನಬೇಕು.

೪

ಆದರೆ ಇದೇ ಉದಾಹರಣೆ ಹುಡುಕಾಟದ ಮಿತಿಯನ್ನೂ ತೋರಿಸುತ್ತದೆ. ಮೂವರ ವಚನಗಳಲ್ಲಿ ಯಾವುದು ಹಿರಿದು, ಯಾವುದು ಪ್ರತಿಧ್ವನಿ? ಒಂದೇ ನುಡಿ ಬಾಯಿಂದ ಬಾಯಿಗೆ ಸಾಗಿ ಅಂಕಿತ ಬದಲಾಯಿತೆ, ಅಥವಾ ಒಬ್ಬರಿಗೊಬ್ಬರು ಉತ್ತರ ಕೊಟ್ಟರೆ? ಗಣಕವು ಮೂರನ್ನೂ ತಂದು ಮುಂದಿಡುತ್ತದೆ. ನಿರ್ಣಯಕ್ಕೆ ಓಲೆಪ್ರತಿಗಳ ಸಾಕ್ಷ್ಯವೇ ಬೇಕು. ದಾಸಿಮಯ್ಯನ ಅದೇ ವಚನದ ಒಂದು ಪದವನ್ನು ಕೆಲವರು ‘ಮುಡಿ’ ಎಂದೂ ಕೆಲವರು ‘ಮೂಡಿ’ ಎಂದೂ ಓದುತ್ತಾರೆ. ಮೊದಲನೆಯದು ಕೂದಲು, ಎರಡನೆಯದು ಹುಟ್ಟಿಬರುವ ಕ್ರಿಯೆ. ಒಂದನ್ನು ಕೊಟ್ಟು ಹುಡುಕಿದವನಿಗೆ ಇನ್ನೊಂದು ಸಿಕ್ಕದೆ ಹೋಗಬಹುದು. ಹಳೆಯ ಓಲೆಗಳಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಬರಹದಲ್ಲಿ ಭೇದವಿರಲಿಲ್ಲ. ಸಾಲುಗಳನ್ನು ಒಡೆಯುವ ಚಿಹ್ನೆಗಳೂ ಇರಲಿಲ್ಲ. ಇಂದಿನ ಪಾಠದಲ್ಲಿ ಕಾಣುವ ಪ್ರತಿಯೊಂದು ದೀರ್ಘವೂ ವಿರಾಮವೂ ಯಾರೋ ಒಬ್ಬ ಸಂಪಾದಕನ ನಿರ್ಣಯ. ಅಚ್ಚಿನ ಪುಸ್ತಕದಲ್ಲಿ ಅವನ ಹೆಸರು ಮುಖಪುಟದ ಮೇಲಿತ್ತು. ಜಾಲದಲ್ಲಿ ಆ ನಿರ್ಣಯ ಉಳಿದಿದೆ, ನಿರ್ಣಯಿಸಿದವನು ಕಾಣಿಸುವುದಿಲ್ಲ. ಜನಪ್ರಿಯ ಆವೃತ್ತಿಯ ಪಾಠವೇ ಎಲ್ಲೆಡೆ ಹರಡಿರುವುದರಿಂದ ಬೇರೆ ಪಾಠ ಇದ್ದಿರಬಹುದೆಂಬ ಅರಿವೂ ಹೊಸ ಓದುಗನಿಗೆ ಉಂಟಾಗದೆ ಹೋಗುವ ಭಯವಿದೆ.

ಪಾಠದಂತೆಯೇ ಅರ್ಥದ ವಿಷಯದಲ್ಲಿಯೂ ಎಚ್ಚರ ಅಗತ್ಯ. ‘ಬಯಲು’ ಎಂಬ ಪದ ಒಬ್ಬ ವಚನಕಾರನಲ್ಲಿ ಎಷ್ಟು ಬಾರಿ ಬಂದಿದೆಯೆಂದು ಗಣಕವು ಎಣಿಸಿಕೊಡುತ್ತದೆ. ಪ್ರಭುದೇವರಲ್ಲಿ ಅದು ನಿರಾಕಾರ ತತ್ತ್ವದ ಹೆಸರು. ಬೇರೆಡೆ ಊರ ಹೊರಗಿನ ಬರಿಯ ಬಯಲೂ ಆಗಬಹುದು. ಎಣಿಕೆಗೆ ಎರಡೂ ಒಂದೇ. ಪದವನ್ನು ಎಣಿಸಿ ತತ್ತ್ವವನ್ನು ಅಳೆದೆನೆಂದು ತಿಳಿಯುವ ಪ್ರಬಂಧಗಳು ಈಗ ಕಾಣಿಸಿಕೊಳ್ಳುತ್ತಿವೆ. ಪರಿಭಾಷಾ ಕೋಶವನ್ನು ಕೈಯಲ್ಲಿ ಹಿಡಿದು ವಚನವನ್ನು ಆದಿಯಿಂದ ಅಂತ್ಯದವರೆಗೆ ಓದದೆ ಈ ದೋಷ ನೀಗದು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ವಚನವೆಂಬುದು ಹುಟ್ಟಿನಿಂದಲೇ ಬಿಡಿ ರಚನೆ. ಸ್ಥಲಕ್ಕೆ ಅಳವಡಿಸಿದವರು, ಶೂನ್ಯಸಂಪಾದನೆಯಂತೆ ಸಂವಾದದಲ್ಲಿ ಪೋಣಿಸಿದವರು ಹದಿನೈದನೆಯ ಶತಮಾನದ ಸಂಕಲನಕಾರರು. ಶರಣರಿಗಿಂತ ಸುಮಾರು ಮುನ್ನೂರು ವರ್ಷ ಈಚಿನವರು. ಹಾಗಿರುವಲ್ಲಿ ಅಂತರಜಾಲವು ವಚನವನ್ನು ಮತ್ತೆ ಬಿಡಿಯಾಗಿಸಿದರೆ ಅದು ಮೂಲಸ್ವರೂಪಕ್ಕೆ ಮರಳಿದಂತೆಯೇ ಅಲ್ಲವೆ? ಆಕ್ಷೇಪ ಬಲವಾದುದು. ಅಕ್ಕಮಹಾದೇವಿಯ ವಚನವನ್ನು ಪ್ರಭುದೇವರ ಪ್ರಶ್ನೆಗೆ ಉತ್ತರವಾಗಿ ಓದುವುದಕ್ಕೂ ಬಿಡಿಯಾಗಿ ಓದುವುದಕ್ಕೂ ಅಂತರವಿದೆ. ಮೊದಲನೆಯದೇ ಸರಿಯೆಂದು ಹಟ ಹಿಡಿಯಲಾಗದು. ಸಂಕಲನಕಾರನ ಜೋಡಣೆಯೂ ಒಂದು ವ್ಯಾಖ್ಯಾನವೇ.

ಆದರೆ ಒಂದು ಭೇದವನ್ನು ಗಮನಿಸಬೇಕು. ಹನ್ನೆರಡನೆಯ ಶತಮಾನದ ಬಿಡಿ ವಚನಕ್ಕೆ ಆಡಿದವರು ಎದುರಿಗಿದ್ದರು. ಕೇಳಿದವರು ಮರುಪ್ರಶ್ನೆ ಹಾಕಬಹುದಾಗಿತ್ತು. ಓಲೆಯ ವಚನಕ್ಕೆ ಕಟ್ಟಿತ್ತು, ಎಲೆಯ ಅಂಕಿಯಿತ್ತು, ಲಿಪಿಕಾರನ ಬಿನ್ನಹವಿತ್ತು. ಅಚ್ಚಿನ ವಚನಕ್ಕೆ ಸಂಪಾದಕನೂ ಪುಟವೂ ಇದ್ದವು. ವಾಟ್ಸಾಪಿನಲ್ಲಿ ಬೆಳಗಿನ ಶುಭಾಶಯದೊಡನೆ ಬರುವ ವಚನಕ್ಕೆ ಇವು ಯಾವುವೂ ಇಲ್ಲ. ಹೀಗೆ ಹರಿದಾಡುವವುಗಳಲ್ಲಿ ಅಂಕಿತವನ್ನು ಕಳೆದುಕೊಂಡವು ಇವೆ. ಎರಡು ವಚನಗಳ ತುಣುಕು ಬೆಸೆದವು ಇವೆ. ಹಳೆಯ ರೂಪಗಳನ್ನು ಇಂದಿನ ಮಾತಿಗೆ ತಿರುಗಿಸಿ ಲಯ ಕೆಡಿಸಿದವು ಇವೆ. ಯಾರೋ ನಿನ್ನೆ ಮೊನ್ನೆ ಬರೆದು ಕೂಡಲಸಂಗಮದೇವನ ಅಂಕಿತವಿಟ್ಟವೂ ಇವೆ. ೨೦೨೨ರ ಕೊನೆಯಿಂದೀಚೆಗೆ ಜನಸಾಮಾನ್ಯರ ಕೈ ಸೇರಿರುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು, ಕೇಳಿದರೆ ವಚನದಂತೆ ತೋರುವ ಸಾಲುಗಳನ್ನು ಅಂಕಿತ ಸಹಿತ ಹೆಣೆದುಕೊಡಬಲ್ಲವು. ಪ್ರಕ್ಷಿಪ್ತ ವಚನಗಳು ಓಲೆಯ ಕಾಲದಲ್ಲಿಯೂ ಇದ್ದವು. ಬಸವಣ್ಣನವರ ಮತ್ತು ಚೆನ್ನಬಸವಣ್ಣನವರ ಹೆಸರಿನ ಕಾಲಜ್ಞಾನ ವಚನಗಳನ್ನು ಈಚಿನವೆಂದು ವಿದ್ವಾಂಸರು ಬೇರ್ಪಡಿಸಿಯೇ ಇದ್ದಾರೆ. ಅಂದು ಒಂದು ಹುಸಿವಚನ ಊರಿಂದ ಊರಿಗೆ ಸಾಗಲು ಒಬ್ಬ ಲಿಪಿಕಾರನ ತಿಂಗಳ ಶ್ರಮ ಬೇಕಿತ್ತು. ಇಂದು ಬೆರಳಿನ ಒಂದು ಸ್ಪರ್ಶ ಸಾಕು.

ಅಂಕಿತದ ಒಂದು ಪದ ಎಷ್ಟು ಗುರುತರವಾದುದೆಂಬುದಕ್ಕೆ ಈಚಿನ ಇತಿಹಾಸವೇ ಸಾಕ್ಷಿ. ಬಸವಣ್ಣನವರ ವಚನಗಳ ಒಂದು ಆವೃತ್ತಿಯಲ್ಲಿ ‘ಕೂಡಲಸಂಗಮದೇವ’ ಎಂಬುದರ ಬದಲು ‘ಲಿಂಗದೇವ’ ಎಂದು ಅಚ್ಚಾದಾಗ ೧೯೯೮ರಲ್ಲಿ ರಾಜ್ಯ ಸರ್ಕಾರ ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ಎತ್ತಿಹಿಡಿಯಿತು. ಆ ವಿವಾದದ ಒಳಿತು ಕೆಡುಕುಗಳೇನೇ ಇರಲಿ, ಅಲ್ಲಿ ಬದಲಾವಣೆ ಎಲ್ಲಿ ಆಯಿತು, ಮಾಡಿದವರು ಯಾರು ಎಂಬುದು ಅಚ್ಚಿನಲ್ಲಿ ಸ್ಪಷ್ಟವಾಗಿದ್ದುದರಿಂದ ವಾದಕ್ಕೆ ಎಡೆಯಾಯಿತು. ಫೋನಿನಿಂದ ಫೋನಿಗೆ ಹಾರುವ ಪಾಠದಲ್ಲಿ ಪ್ರತಿದಿನ ಆಗುತ್ತಿರುವ ಬದಲಾವಣೆಗೆ ವಾದಿಯೂ ಇಲ್ಲ, ಪ್ರತಿವಾದಿಯೂ ಇಲ್ಲ.

೫

ಹಾಗಾದರೆ ಮಾಡಬೇಕಾದುದೇನು? ಇದಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿಯೇ ಒಂದು ನಿದರ್ಶನವಿದೆ. ಟಿಬೆಟಿನಿಂದ ಆಶ್ರಯ ಬೇಡಿ ಬಂದ ಜನ ೧೯೬೦ರ ದಶಕದ ಆರಂಭದಲ್ಲಿ ಇಲ್ಲಿ ನೆಲೆಸಿದರು. ಲಾಸಾದ ಬಳಿ ೧೪೧೯ರಲ್ಲಿ ಸ್ಥಾಪಿತವಾಗಿದ್ದ ಸೆರಾ ಮಠವನ್ನು ಮುಂದೆ ಇಲ್ಲಿ ಮತ್ತೆ ಕಟ್ಟಿಕೊಂಡರು. ಅವರ ಗ್ರಂಥಗಳೂ ಓಲೆಯಂತೆಯೇ ಉದ್ದನೆಯ ಬಿಡಿ ಹಾಳೆಗಳು. ಹಲಗೆಗಳ ನಡುವೆ ಕಟ್ಟಿ ಬಟ್ಟೆಯಲ್ಲಿ ಸುತ್ತಿಡುವಂಥವು. ದೇಶ ಬಿಟ್ಟವರಿಗೆ ಗ್ರಂಥವೇ ದೇಶ. ೧೯೮೦ರ ದಶಕದ ಕೊನೆಯಲ್ಲಿ, ಅಂತರಜಾಲ ಭಾರತಕ್ಕೆ ಬರುವ ಮೊದಲೇ, ಸೆರಾದ ಮೇ ವಿಭಾಗದ ಭಿಕ್ಷುಗಳು ಅಮೆರಿಕದಲ್ಲಿ ಆರಂಭವಾದ ಒಂದು ಯೋಜನೆಯ ನೆರವಿನಿಂದ ತಮ್ಮ ಶಾಸ್ತ್ರಗ್ರಂಥಗಳನ್ನು ಗಣಕಕ್ಕೆ ಸೇರಿಸತೊಡಗಿದರು. ಟಿಬೆಟನ್ ಲಿಪಿ ಗಣಕದಲ್ಲಿ ಆಗ ಸುಲಭವಾಗಿರಲಿಲ್ಲವಾದ್ದರಿಂದ ರೋಮನ್ ಅಕ್ಷರಗಳಲ್ಲಿಯೇ ಬರೆದರು. ಸಿದ್ಧವಾದ ಪಾಠವನ್ನು ಫ್ಲಾಪಿಗಳಲ್ಲಿ, ಆಮೇಲೆ ಸಿ.ಡಿ.ಗಳಲ್ಲಿ ಜಗತ್ತಿನ ವಿದ್ವಾಂಸರಿಗೆ ಹಂಚಿದರು.

ಅವರ ಕ್ರಮದಲ್ಲಿ ಎರಡು ಅಂಶಗಳು ಅನುಕರಣೀಯ. ಒಂದು, ಒಂದೇ ಗ್ರಂಥವನ್ನು ಇಬ್ಬರು ಬೇರೆಬೇರೆಯಾಗಿ ನಮೂದಿಸುತ್ತಿದ್ದರು. ಎರಡು ಪ್ರತಿಗಳನ್ನು ಗಣಕವೇ ಹೋಲಿಸಿ ವ್ಯತ್ಯಾಸವಿದ್ದಲ್ಲಿ ಬೊಟ್ಟುಮಾಡುತ್ತಿತ್ತು. ಇಬ್ಬರೂ ಒಂದೇ ಕಡೆ ಒಂದೇ ತಪ್ಪು ಮಾಡುವುದು ಅಪರೂಪವಾದ್ದರಿಂದ ತಪ್ಪು ಹೊರಬೀಳುತ್ತಿತ್ತು. ಎರಡು, ಮೂಲದ ಹಾಳೆಯ ಸಂಖ್ಯೆಯನ್ನೂ, ಅದರ ಮುಂಬದಿಯೋ ಹಿಂಬದಿಯೋ ಎಂಬುದನ್ನೂ ಪಾಠದ ಒಳಗೇ ಬರೆಯುತ್ತಿದ್ದರು. ಪಾಠ ಜಗತ್ತಿನ ಯಾವ ಮೂಲೆಗೆ ಹೋದರೂ ಓದಿದವನು ಹಾಳೆಯನ್ನು ತೆಗೆದು ತಾಳೆ ನೋಡಬಹುದು. ಕಟ್ಟು ಬಿಚ್ಚಿದರೂ ಎಲೆಯ ಅಂಕಿಯನ್ನು ಅವರು ಬಿಡಲಿಲ್ಲ. ಎಲ್ಲವನ್ನೂ ಕಳೆದುಕೊಂಡು ಬಂದವರಿಗೆ ಎಲೆಯ ಅಂಕಿಯ ಬೆಲೆ ತಿಳಿದಿತ್ತು.

ವಚನ ಸಾಹಿತ್ಯಕ್ಕೂ ಇದೇ ಮಾರ್ಗ. ಜಾಲದಲ್ಲಿ ಪ್ರಕಟವಾಗುವ ಪ್ರತಿಯೊಂದು ವಚನಕ್ಕೂ ವಚನಕಾರರ ಹೆಸರು, ಅಂಕಿತ, ಯಾವ ಆವೃತ್ತಿಯ ಎಷ್ಟನೆಯ ಸಂಪುಟದ ಎಷ್ಟನೆಯ ವಚನವೆಂಬ ಗುರುತು ಅಂಟಿಕೊಂಡೇ ಇರಬೇಕು. ನಕಲು ಮಾಡಿದವನು ಬೇಕೆಂದರೂ ಬೇರ್ಪಡಿಸದಂತೆ ಇರಬೇಕು. ಎರಡನೆಯದಾಗಿ, ಹಿಂದಿನ ಪರಿಷ್ಕೃತ ಆವೃತ್ತಿಗಳ ಅಡಿಟಿಪ್ಪಣಿಯಲ್ಲಿ ಹುದುಗಿರುವ ಪಾಠಾಂತರಗಳು ವಚನದ ಜೊತೆಯಲ್ಲಿ ಕಾಣುವಂತಾಗಬೇಕು. ಮೂರನೆಯದಾಗಿ, ಮಠಗಳಲ್ಲಿಯೂ ಮನೆಗಳಲ್ಲಿಯೂ ಉಳಿದಿರುವ ಓಲೆಗಳ ಚಿತ್ರಗಳನ್ನು ತೆಗೆದು, ಅಚ್ಚಿನ ಪಾಠಕ್ಕೆ ಎದುರಾಗಿ ಇಡಬೇಕು. ಗೆದ್ದಲು ಕಾಯುವುದಿಲ್ಲ. ಹಳಕಟ್ಟಿಯವರು ಮನೆ ಮಾರಿ ಮಾಡಿದ ಕಾರ್ಯದ ಮುಂದಿನ ಹೆಜ್ಜೆಗೆ ಇಂದು ಯಾರೂ ಮನೆ ಮಾರಬೇಕಾಗಿಲ್ಲ. ಮಠಗಳು ಮನಸ್ಸು ಮಾಡಿದರೆ ಸಾಕು.

ಓದುಗನಿಗೂ ಒಂದು ಹೊಣೆಯುಂಟು. ಹಿಂದೆ ಪರೀಕ್ಷಿಸಲು ಸಾಧನವಿಲ್ಲದೆ ನಂಬಬೇಕಾಗಿತ್ತು. ಇಂದು ಸಾಧನ ಕೈಯಲ್ಲಿದ್ದೂ ಪರೀಕ್ಷಿಸದೆ ನಂಬಿದರೆ ದೋಷ ಕಾಲದ್ದಲ್ಲ. ಬಂದ ವಚನವನ್ನು ಮುಂದಕ್ಕೆ ಕಳುಹಿಸುವ ಮುನ್ನ ಒಂದು ಗಳಿಗೆ ಹುಡುಕಿ, ಅದು ಯಾರದೆಂದು ನೋಡಿ, ಸಂಖ್ಯೆಯನ್ನು ಜೊತೆಗಿಟ್ಟು ಕಳುಹಿಸುವುದು ಇಂದಿನ ಲಿಪಿಕಾರನ ಕಾಯಕ. ಫೋನುಳ್ಳ ಪ್ರತಿಯೊಬ್ಬನೂ ಈಗ ಲಿಪಿಕಾರನೇ. ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ಬೆಂಕಿ ಕಾಯುತ್ತ ಕುಳಿತ ಪಿರಿಯಾಪಟ್ಟಣದ ಯುವಕನು ಫೋನಿನಲ್ಲಿ ಸತ್ಯಕ್ಕನ ವಚನವನ್ನು ಓದುವುದಾದರೆ, ಶರಣರ ನುಡಿ ತಾನು ಹೊರಟ ಉದ್ದೇಶಕ್ಕೆ ಮುಟ್ಟಿತೆಂದೇ ತಿಳಿಯಬೇಕು. ಅವನಿಗೆ ಮುಟ್ಟಿದ್ದು ಸತ್ಯಕ್ಕನ ಮಾತೇ ಆಗಿರುವಂತೆ ನೋಡಿಕೊಳ್ಳುವುದು ಬಲ್ಲವರ ಕರ್ತವ್ಯ.